ದವಡೆಗೆ ಪ್ರಿಂಟ್ ಮಾಡಿದ ಲೋಹದ ಪ್ಲೇಟ್: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ದವಡೆ ಆಪರೇಷನ್‌ಗೆ ಬೇಕಾದ ಪ್ಲೇಟ್‌ಗಳನ್ನು ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡುವ ಎಂಜಿನಿಯರ್. ಸರ್ಜನ್ ಜೊತೆ ಕೂತು ಸ್ಕ್ಯಾನ್ ನೋಡುವುದು, ಮೂಳೆ ಎಲ್ಲಿ ಕೊಯ್ಯಬೇಕು, ಸ್ಕ್ರೂ ಎಲ್ಲಿ ಬರಬೇಕು ಅಂತ ಗುರುತು ಹಾಕುವುದು ನನ್ನ ಕೆಲಸ. ಆಗಾಗ ರೋಗಿಯ ಮನೆಯವರೂ ಮಾತಿಗೆ ಸಿಗುತ್ತಾರೆ. ಅವರು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ನಿಮ್ಮ ಮನೆಯವರಿಗೆ ಯಾವುದು ಸರಿ ಅಂತ ನಿಮ್ಮ ಸರ್ಜನ್ನೇ ಹೇಳಬೇಕು. ಅವರ ಮುಂದೆ ಕೂತಾಗ ಮಾತು ಅರ್ಥವಾಗಲಿ ಅಂತ ಇಷ್ಟು ಬರೆದಿದ್ದೇನೆ.

ದವಡೆಯನ್ನೇ ಪ್ರಿಂಟ್ ಮಾಡ್ತಾರಾ?

ಇಲ್ಲಿ ಪ್ರಿಂಟ್ ಅಂದರೆ ಕಾಗದದ ಮೇಲಲ್ಲ, 3ಡಿ ಪ್ರಿಂಟರ್ ಎಂಬ ಯಂತ್ರದಲ್ಲಿ ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ವಸ್ತು ಮಾಡುವುದು. ಪೂರ್ತಿ ದವಡೆ ಮಾಡುವುದು ತೀರಾ ಅಪರೂಪ. ಸಾಮಾನ್ಯವಾಗಿ ಪ್ರಿಂಟ್ ಮಾಡುವುದು ದವಡೆಯ ಮೂಳೆಗೆ ಅಂಟಿಕೊಂಡು ಕೂರುವ ಒಂದು ಪ್ಲೇಟ್, ಅಥವಾ ಕಿವಿಯ ಮುಂದೆ ಇರುವ ದವಡೆ ಕೀಲು, ಅಥವಾ ಕಣ್ಣಿನ ಕೆಳಗಿನ ಕೆನ್ನೆ ಮೂಳೆಯ ಒಂದು ಭಾಗ. ಆ ಒಬ್ಬ ರೋಗಿಯ ಸ್ಕ್ಯಾನ್ ನೋಡಿ ಅಳತೆಗೆ ತಕ್ಕಂತೆ ಮಾಡಿರುತ್ತಾರೆ. ಇನ್ನೊಬ್ಬರಿಗೆ ಅದು ಕೂರುವುದಿಲ್ಲ.

ಆಸ್ಪತ್ರೆಯಲ್ಲಿ ಇದಕ್ಕೆ ‘ಪಿಎಸ್‌ಐ’ ಅಂತಾರೆ. ಪೇಷೆಂಟ್ ಸ್ಪೆಸಿಫಿಕ್ ಇಂಪ್ಲಾಂಟ್ ಅಂತ ಅದರ ಉದ್ದ ಹೆಸರು, ಅಂದರೆ ಆ ಒಬ್ಬ ರೋಗಿಗೆಂದೇ ಮಾಡಿ ಮೈಯೊಳಗೆ ಕೂರಿಸುವ ವಸ್ತು. ನಮ್ಮಲ್ಲಿ ಪಿಎಸ್‌ಐ ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಅಲ್ವಾ? ‘ನಾಡಿದ್ದು ಪಿಎಸ್‌ಐ ಬರುತ್ತೆ, ಆಮೇಲೆ ಆಪರೇಷನ್’ ಅಂತ ಡಾಕ್ಟರು ಹೇಳಿದರೆ ಗಾಬರಿ ಆಗಬೇಡಿ.

ಇದು ಯಾರಿಗೆ ಬೇಕಾಗುತ್ತದೆ?

ನಮ್ಮ ಕಡೆ ಹೆಚ್ಚಾಗಿ ಬಾಯಿ ಕ್ಯಾನ್ಸರ್ ಆದವರಿಗೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಗುಟ್ಕಾ ಇವನ್ನು ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುವ ಅಭ್ಯಾಸ ಇದೆ. ಹುಣ್ಣು ಅಲ್ಲೇ ಶುರುವಾಗುತ್ತದೆ. ಅದರ ಕೆಳಗೇ ದವಡೆ ಮೂಳೆ. ಕ್ಯಾನ್ಸರ್ ಮೂಳೆಗೆ ಇಳಿದಿದ್ದರೆ ಅಷ್ಟು ಮೂಳೆಯನ್ನೂ ತೆಗೆಯಬೇಕಾಗುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಅಂಗಡಿಯವರು ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿ ಕೈಗಿಡುತ್ತಾರೆ. ಬಾಯಿಯೊಳಗೆ ಹೋದ ಮೇಲೆ ಎರಡೂ ಒಂದೇ.

ಕ್ಯಾನ್ಸರ್ ಅಲ್ಲದ ಗಡ್ಡೆಗಳೂ ಇವೆ. ಅಮೆಲೋಬ್ಲಾಸ್ಟೋಮಾ ಅಂತ ಒಂದಿದೆ. ಅದು ಪ್ರಾಣ ತೆಗೆಯುವ ರೋಗವಲ್ಲ. ಆದರೆ ಒಳಗಿಂದ ದವಡೆಯನ್ನು ಊದಿಸಿ ಟೊಳ್ಳು ಮಾಡುತ್ತದೆ. ಚಿಕ್ಕ ವಯಸ್ಸಿನವರಲ್ಲೂ ಕಾಣಿಸುತ್ತದೆ. ಬೈಕ್ ಅಪಘಾತದಲ್ಲಿ ಮೂಳೆ ಚೂರಾದವರು, ಬ್ಲ್ಯಾಕ್ ಫಂಗಸ್‌ನಲ್ಲಿ ಮೇಲ್ದವಡೆ ಕಳೆದುಕೊಂಡವರು, ದವಡೆ ಕೀಲು ಅಂಟಿಕೊಂಡು ಬಾಯಿ ತೆರೆಯಲಾಗದವರು, ಹುಟ್ಟಿನಿಂದ ದವಡೆ ಸೊಟ್ಟ ಇರುವವರು ಇವರಿಗೂ ಇದು ಬೇಕಾಗಬಹುದು.

ಲೋಹದ ಪೂರ್ತಿ ದವಡೆ ಹಾಕಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವೇ?

ನಿಜ. 2011ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಸಿಟ್ಟಾರ್ಡ್-ಗಿಲೀನ್ ಎಂಬ ಊರಿನ ಆಸ್ಪತ್ರೆಯಲ್ಲಿ ಆಯಿತು. ರೋಗಿ 83 ವರ್ಷದ ಅಜ್ಜಿ. ಕೆಳದವಡೆಯ ಮೂಳೆಗೆ ಸೋಂಕು ತಗುಲಿ ಪೂರ್ತಿ ಹಾಳಾಗಿತ್ತು. ಬೆಲ್ಜಿಯಂನ ಲೇಯರ್‌ವೈಸ್ ಕಂಪನಿ ಟೈಟಾನಿಯಂ ಪುಡಿಯಿಂದ ಇಡೀ ಕೆಳದವಡೆಯನ್ನು ಪ್ರಿಂಟ್ ಮಾಡಿತು. ತೂಕ 107 ಗ್ರಾಂ. ಸಹಜ ದವಡೆಗಿಂತ ಸುಮಾರು 30 ಗ್ರಾಂ ಜಾಸ್ತಿ. ಆಪರೇಷನ್ ನಾಲ್ಕು ಗಂಟೆಯೊಳಗೆ ಮುಗಿಯಿತು. ಎಚ್ಚರವಾದ ಸ್ವಲ್ಪ ಹೊತ್ತಿಗೇ ಅಜ್ಜಿ ಒಂದೆರಡು ಮಾತಾಡಿದರು, ಮರುದಿನ ನುಂಗಲೂ ಆಯಿತು. 2012ರ ಫೆಬ್ರವರಿಯಲ್ಲಿ ಸುದ್ದಿ ಹೊರಗೆ ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

ಹಾಗಿದ್ದ ಮೇಲೆ ನಮ್ಮಪ್ಪನಿಗೂ ಅದನ್ನೇ ಹಾಕಬಹುದಲ್ವಾ? ಕಾಲಿನ ಮೂಳೆ ಯಾಕೆ ತೆಗೀಬೇಕು?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವುದೂ ನ್ಯಾಯವೇ. ಬಾಯಿಗೆ ಆಪರೇಷನ್ ಅಂತ ಬಂದರೆ, ದವಡೆ ಕಟ್ಟಲು ಮೂಳೆ ಬೇಕು ಅಂತ ಕಾಲನ್ನೂ ಕೊಯ್ಯುತ್ತಾರೆ ಅಂದರೆ ಯಾರಿಗಾದರೂ ಬೇಜಾರಾಗುತ್ತದೆ.

ಆ ಅಜ್ಜಿಗೆ ವಯಸ್ಸಾಗಿತ್ತು. ಉದ್ದನೆಯ ಆಪರೇಷನ್ ತಡೆಯುವ ಶಕ್ತಿ ಇರಲಿಲ್ಲ. ಅದಕ್ಕೇ ಡಾಕ್ಟರು ಬರೀ ಲೋಹದ ದಾರಿ ಹಿಡಿದರು. ಕ್ಯಾನ್ಸರ್ ರೋಗಿಯ ಕಥೆ ಬೇರೆ. ಅವರಿಗೆ ಮೂಳೆಯ ಜೊತೆ ಕೆನ್ನೆಯ ಒಳಪದರ, ವಸಡು, ಕೆಲವೊಮ್ಮೆ ಹೊರಗಿನ ಚರ್ಮವೂ ಹೋಗಿರುತ್ತದೆ. ಆಮೇಲೆ ರೇಡಿಯೇಷನ್ ಬೇರೆ. ಇಂಥ ಕಡೆ ಬರೀ ಲೋಹ ಇಟ್ಟರೆ ಅದರ ಮೇಲಿನ ಮಾಂಸ ತೆಳ್ಳಗಾಗುತ್ತಾ ಬಂದು, ಒಂದು ದಿನ ಪ್ಲೇಟ್ ಬಾಯಿಯೊಳಗೋ ಗಲ್ಲದ (ಗದ್ದದ) ಹೊರಗೋ ಇಣುಕುತ್ತದೆ. ಗಲ್ಲದ ಮುಂಭಾಗ ಹೋದವರಲ್ಲಿ ಈ ತೊಂದರೆ ಜಾಸ್ತಿ.

ಲೋಹಕ್ಕೆ ರಕ್ತ ಇಲ್ಲ. ಗಾಯ ಆದರೆ ಅದು ಮಾಯುವುದಿಲ್ಲ, ಕೀಟಾಣು ಬಂದರೆ ಹೋರಾಡುವುದಿಲ್ಲ. ಮೂಳೆ ಇದೆಲ್ಲವನ್ನೂ ಮಾಡುತ್ತದೆ. ಅದಕ್ಕೇ ಸರ್ಜನ್‌ಗಳು ಕಾಲಿನಿಂದ ಫಿಬುಲಾ ಎಂಬ ಮೂಳೆಯನ್ನು ಅದರ ರಕ್ತನಾಳದ ಸಮೇತ, ಮೇಲಿನ ಚರ್ಮದ ಒಂದು ತುಂಡಿನ ಸಮೇತ ಎತ್ತಿ ತಂದು ದವಡೆಯ ಜಾಗಕ್ಕೆ ಕೂರಿಸುತ್ತಾರೆ. ಕುತ್ತಿಗೆಯ ರಕ್ತನಾಳಕ್ಕೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಹೊಲಿಯುತ್ತಾರೆ. ಮೂಳೆ ಜೀವಂತವಾಗಿ ಉಳಿಯುತ್ತದೆ. ನ್ಯೂಯಾರ್ಕ್‌ನ ಸರ್ಜನ್ ಡೇವಿಡ್ ಹಿಡಾಲ್ಗೊ 1989ರಲ್ಲಿ ಇದನ್ನು ಕೆಳದವಡೆಗೆ ಬಳಸಿದ ವಿವರ ಪ್ರಕಟಿಸಿದರು. ಇವತ್ತಿಗೂ ದೊಡ್ಡ ದವಡೆ ಆಪರೇಷನ್‌ಗಳಲ್ಲಿ ಮೊದಲ ಆಯ್ಕೆ ಅದೇ.

ಕಾಲಿಗೆ ಏನಾಗುತ್ತದೆ ಅಂತೀರಾ? ಮೊಣಕಾಲಿನ ಕೆಳಗೆ ಎರಡು ಮೂಳೆ ಇವೆ. ಭಾರ ಹೊರುವುದು ದಪ್ಪನೆಯದು. ಫಿಬುಲಾ ಹೊರಬದಿಯ ಸಣ್ಣದು. ಮೇಲೆ ಕೆಳಗೆ ಸುಮಾರು 6-7 ಸೆಂಟಿಮೀಟರ್ ಬಿಟ್ಟು ನಡುವಿನದನ್ನು ತೆಗೆಯುತ್ತಾರೆ. ಕಣಕಾಲು ಗಟ್ಟಿಯಾಗಿಯೇ ಇರುತ್ತದೆ. ಹೆಚ್ಚಿನವರು ಸ್ವಲ್ಪ ದಿನ ವಾಕರ್ ಹಿಡಿದು ಆಮೇಲೆ ಸರಿಯಾಗಿ ನಡೆಯುತ್ತಾರೆ.

ಹಾಗಾದರೆ ಪ್ರಿಂಟ್ ಮಾಡಿದ ಲೋಹಕ್ಕೆ ಕೆಲಸ ಏನು?

ಹಿಡಿದುಕೊಳ್ಳುವುದು. ಕಾಲಿನ ಮೂಳೆ ನೇರ, ದವಡೆ ಬಾಗಿದ್ದು. ಆ ನೇರ ಮೂಳೆಯನ್ನು ಎರಡು ಮೂರು ತುಂಡು ಮಾಡಿ, ಕೋನಕ್ಕೆ ಕೋನ ಸೇರಿಸಿ ದವಡೆಯ ಬಾಗು ತರಬೇಕು. ತುಂಡುಗಳು ಒಂದಕ್ಕೊಂದು ಕೂಡಿಕೊಳ್ಳುವವರೆಗೆ ಅಲುಗಾಡದಂತೆ ಹಿಡಿಯುವುದು ಪ್ಲೇಟ್.

ಪ್ಲೇಟ್‌ಗಿಂತ ಮುಖ್ಯವಾದ ಇನ್ನೊಂದು ವಸ್ತು ಇದೆ. ಅದರ ಫೋಟೋ ಯಾರೂ ಪೇಪರಲ್ಲಿ ಹಾಕುವುದಿಲ್ಲ. ಅದು ಕಟಿಂಗ್ ಗೈಡ್. ಪ್ಲಾಸ್ಟಿಕ್ ಅಥವಾ ಲೋಹದಲ್ಲಿ ಪ್ರಿಂಟ್ ಮಾಡಿದ ಸಣ್ಣ ಅಚ್ಚು. ಮೂಳೆಯ ಮೇಲೆ ಒಂದೇ ಜಾಗದಲ್ಲಿ, ಒಂದೇ ರೀತಿ ಕೂರುತ್ತದೆ. ಗರಗಸ ಆಡಿಸಲು ಸೀಳು ಇರುತ್ತದೆ, ಸ್ಕ್ರೂಗೆ ತೂತು ಇರುತ್ತದೆ. ಮೂಳೆ ಕೊಯ್ಯುವ ಮೊದಲೇ ಈ ಗೈಡ್ ಇಟ್ಟು ತೂತು ಕೊರೆಯುತ್ತಾರೆ. ಕೊಯ್ದಾದ ಮೇಲೆ ಪ್ಲೇಟ್ ತಂದರೆ, ಪ್ಲೇಟಿನ ತೂತುಗಳು ಅದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಅಂದರೆ ಉಳಿದ ದವಡೆ ಮೊದಲು ಎಲ್ಲಿತ್ತೋ ಅಲ್ಲೇ ಸಿಗುತ್ತದೆ, ಮೇಲಿನ ಹಲ್ಲು ಕೆಳಗಿನ ಹಲ್ಲು ಕೂಡುತ್ತವೆ. ಇಷ್ಟೇ ಉಪಾಯ. ನನ್ನ ಲೆಕ್ಕದಲ್ಲಿ ಪ್ರಿಂಟರ್‌ಗಿಂತ ದೊಡ್ಡ ಜಾಣತನ ಇದು.

ರೆಡಿಮೇಡ್ ಪ್ಲೇಟ್ ಸಾಲದಾ?

ಎಷ್ಟೋ ಕಡೆ ಸಾಲುತ್ತದೆ. ದವಡೆ ಒಂದು ಕಡೆ ಸುಮ್ನೆ ಬಿರುಕು ಬಿಟ್ಟಿದ್ದರೆ ರೆಡಿಮೇಡ್ ಮಿನಿ ಪ್ಲೇಟ್ ಧಾರಾಳ ಆಯಿತು. ಅದಕ್ಕೂ ಅಳತೆ ಕೊಟ್ಟು ಮಾಡಿಸಿ ಅಂತ ಯಾರಾದರೂ ಹೇಳಿದರೆ ‘ಯಾಕೆ ಸಾರ್’ ಅಂತ ಒಂದು ಸಲ ಕೇಳಿ.

ದೊಡ್ಡ ತುಂಡು ತೆಗೆದ ಕಡೆ ರೆಡಿಮೇಡ್ ಪ್ಲೇಟನ್ನು ಸರ್ಜನ್ ಆಪರೇಷನ್ ಟೇಬಲ್ ಪಕ್ಕದಲ್ಲೇ ಇಕ್ಕಳ ಹಿಡಿದು ಬಗ್ಗಿಸುತ್ತಾರೆ. ಒಂದು ಸಲ ಇಟ್ಟು ನೋಡು, ಬಗ್ಗಿಸು, ಮತ್ತೆ ಇಟ್ಟು ನೋಡು. ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಮುರಿದವರಿಗೆ ಗೊತ್ತಿರುತ್ತದೆ, ಬಗ್ಗಿಸಿದ ಜಾಗವೇ ಸೋಲುವುದು. ಅಳತೆಗೆ ಮಾಡಿದ ಪ್ಲೇಟನ್ನು ಬಗ್ಗಿಸುವ ಹಾಗಿಲ್ಲ, ಬೇಕಾಗಿಯೂ ಇಲ್ಲ. ಭಾರ ಬೀಳುವ ಕಡೆ ದಪ್ಪ, ಚರ್ಮ ತೆಳುವಿರುವ ಕಡೆ ಸಣ್ಣಗೆ ಮಾಡಬಹುದು. ನರ ಇರುವ ಕಡೆ ಸ್ಕ್ರೂ ಬಾರದಂತೆ ನೋಡಿಕೊಳ್ಳಬಹುದು.

ಒಂದು ಮಧ್ಯದ ದಾರಿಯೂ ಇದೆ. ದವಡೆಯ ಪ್ಲಾಸ್ಟಿಕ್ ಮಾದರಿಯನ್ನು ಪ್ರಿಂಟ್ ಮಾಡಿ, ರೆಡಿಮೇಡ್ ಪ್ಲೇಟನ್ನು ಹಿಂದಿನ ದಿನವೇ ಅದರ ಮೇಲೆ ಬಗ್ಗಿಸಿಟ್ಟುಕೊಳ್ಳುವುದು. ಖರ್ಚು ತುಂಬಾ ಕಡಿಮೆ. ದುಡ್ಡಿನ ಚಿಂತೆ ಇದ್ದರೆ ಇದನ್ನು ಕೇಳಿ ನೋಡಿ, ನಾಚಿಕೆ ಬೇಡ.

ಟೈಟಾನಿಯಂ ಯಾಕೆ? ಸ್ಟೀಲ್ ಆಗಲ್ವಾ?

ಟೈಟಾನಿಯಂ ಮೇಲೆ ತಾನಾಗಿಯೇ ತೆಳುವಾದ ಆಕ್ಸೈಡ್ ಪದರ ಬೆಳೆಯುತ್ತದೆ. ಅದು ತುಕ್ಕನ್ನು ತಡೆಯುತ್ತದೆ, ಮೈ ಕೂಡ ಒಪ್ಪಿಕೊಳ್ಳುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಮೂಳೆಯೊಳಗೆ ಇಟ್ಟಿದ್ದ ಟೈಟಾನಿಯಂ ಸಾಧನವನ್ನು ಹೊರಗೆ ತೆಗೆಯಲು ನೋಡಿದರೆ ಅದು ಬರಲೇ ಇಲ್ಲ, ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅದೇ ಎಳೆ ಹಿಡಿದು 1965ರಲ್ಲಿ ಅವರು ಮೊದಲ ಮನುಷ್ಯನಿಗೆ ಟೈಟಾನಿಯಂ ಹಲ್ಲಿನ ಬೇರು ಕೂರಿಸಿದರು.

ಪ್ರಿಂಟ್ ಮಾಡಲು ಹೆಚ್ಚಾಗಿ ಬಳಸುವುದು ಮಿಶ್ರಲೋಹ. ನೂರು ಪಾಲಿನಲ್ಲಿ ಸುಮಾರು 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ, ಉಳಿದದ್ದು ಟೈಟಾನಿಯಂ. ಸ್ಟೀಲ್‌ಗಿಂತ ತೂಕ ಕಡಿಮೆ, ಬಿಗಿತನವೂ ಸುಮಾರು ಅರ್ಧ. ಬಿಗಿತನ ಕಡಿಮೆ ಇರುವುದು ಒಳ್ಳೆಯದೇ. ಭಾರವನ್ನೆಲ್ಲ ಪ್ಲೇಟೇ ಹೊತ್ತರೆ ಕೆಳಗಿನ ಮೂಳೆಗೆ ಕೆಲಸ ಇಲ್ಲದೆ ಅದು ಸೊರಗುತ್ತದೆ. ಆದರೂ ಟೈಟಾನಿಯಂ ಮೂಳೆಗಿಂತ ಎಷ್ಟೋ ಪಟ್ಟು ಬಿಗಿ. ಅದಕ್ಕೇ ಜಾಲರಿಯಂತೆ ತೂತು ತೂತಾಗಿ ಪ್ರಿಂಟ್ ಮಾಡಿ ಬಿಗಿತನ ಇಳಿಸುವ ಪ್ರಯತ್ನಗಳು ನಡೆದಿವೆ. ಆ ತೂತುಗಳೊಳಗೆ ಮೂಳೆಯೂ ನುಗ್ಗಿ ಬೆಳೆಯಬಹುದು.

ಸ್ಕ್ಯಾನಿಂದ ಪ್ಲೇಟ್‌ವರೆಗೆ ಏನೇನು ನಡೆಯುತ್ತದೆ?

ಮೊದಲು ಸಿಟಿ ಸ್ಕ್ಯಾನ್. ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಪದರಗಳಲ್ಲಿ ತೆಗೆದಿರಬೇಕು. ದಪ್ಪ ಪದರದ ಸ್ಕ್ಯಾನ್ ಕಳಿಸಿದರೆ ನಾವು ವಾಪಸ್ ಕಳಿಸುತ್ತೇವೆ, ರೋಗಿ ಮತ್ತೆ ಸ್ಕ್ಯಾನ್ ರೂಮಿನ ಹೊರಗೆ ಕಾಯಬೇಕು. ಆದ್ದರಿಂದ ಸ್ಕ್ಯಾನ್ ಬರೆದುಕೊಡುವಾಗಲೇ ‘ಇದು ಪ್ಲಾನಿಂಗ್‌ಗೂ ಆಗುತ್ತಾ’ ಅಂತ ಕೇಳಿಬಿಡಿ. ಫಿಲಂ ಸಾಲದು, ಸಿಡಿ ಬೇಕು. ಕಾಲಿನ ಮೂಳೆ ತೆಗೆಯುವುದಿದ್ದರೆ ಕಾಲಿನ ರಕ್ತನಾಳದ ಸ್ಕ್ಯಾನೂ ಮಾಡಿಸುತ್ತಾರೆ.

ಸ್ಕ್ಯಾನ್ ಚಿತ್ರದಿಂದ ಮೂಳೆಯನ್ನು ಮಾತ್ರ ಬಿಡಿಸಿ ತೆಗೆಯುವುದು ನಮ್ಮ ಮೊದಲ ಕೆಲಸ. ಹಲ್ಲಿಗೆ ಬೆಳ್ಳಿ ತುಂಬಿಸಿದ್ದರೆ, ಕ್ಯಾಪ್ ಹಾಕಿಸಿದ್ದರೆ ಆ ಜಾಗದಲ್ಲಿ ಚಿತ್ರ ನಕ್ಷತ್ರದಂತೆ ಚೆದುರಿಹೋಗಿರುತ್ತದೆ. ಆಗ ಹಲ್ಲಿನ ಅಚ್ಚು ತೆಗೆದು ಸೇರಿಸಬೇಕಾಗುತ್ತದೆ. ರೋಗ ಒಂದು ಕಡೆ ಮಾತ್ರ ಇದ್ದರೆ ಒಳ್ಳೆಯ ಕಡೆಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ, ಕೆಟ್ಟ ಕಡೆಯ ಮೂಲ ಆಕಾರ ಹೇಗಿದ್ದಿರಬಹುದು ಅಂತ ಅಂದಾಜು ಮಾಡುತ್ತೇವೆ. ಆಮೇಲೆ ಸರ್ಜನ್ ಜೊತೆ ಆನ್‌ಲೈನ್‌ನಲ್ಲಿ ಕೂರುತ್ತೇವೆ. ‘ಇನ್ನು ಸ್ವಲ್ಪ ಹಿಂದೆ ಕೊಯ್ಯೋಣ’, ‘ಈ ಸ್ಕ್ರೂಗೆ ಡ್ರಿಲ್ ಒಳಗೆ ಹೋಗಲ್ಲ, ಕೆನ್ನೆ ಅಡ್ಡ ಬರುತ್ತೆ’ ಹೀಗೆ ಮಾತು ನಡೆಯುತ್ತದೆ. ಕಂಪ್ಯೂಟರ್‌ನಲ್ಲಿ ಕೆನ್ನೆ ಅಡ್ಡ ಬರುವುದಿಲ್ಲ ನೋಡಿ. ಆದ್ದರಿಂದ ಸರ್ಜನ್ ಇಲ್ಲದೆ ಎಂಜಿನಿಯರ್ ಒಬ್ಬನೇ ಮಾಡಿದ ಪ್ಲಾನ್‌ಗೆ ಬೆಲೆ ಇಲ್ಲ.

ಸರ್ಜನ್ ಒಪ್ಪಿ ಸಹಿ ಹಾಕಿದ ಮೇಲೆ ಪ್ರಿಂಟಿಂಗ್. ಮುಚ್ಚಿದ ಪೆಟ್ಟಿಗೆ, ಒಳಗೆ ಆರ್ಗಾನ್ ಅನಿಲ. ಗಾಳಿ ಇದ್ದರೆ ಬಿಸಿ ಟೈಟಾನಿಯಂ ಕೆಡುತ್ತದೆ. ಕೂದಲಿಗಿಂತ ಸಣ್ಣ ಕಣಗಳ ಲೋಹದ ಪುಡಿಯನ್ನು ಒಂದು ಪದರ ಹರಡುತ್ತಾರೆ. ಲೇಸರ್ ಕಿರಣ ಬೇಕಾದ ಆಕಾರದಲ್ಲಿ ಓಡಾಡಿ ಅಷ್ಟನ್ನು ಮಾತ್ರ ಕರಗಿಸುತ್ತದೆ. ಮತ್ತೆ ಪುಡಿ, ಮತ್ತೆ ಲೇಸರ್. ಒಂದು ಮಿಲಿಮೀಟರ್ ಏಳಲು ಸುಮಾರು ಮೂವತ್ತು ಪದರ ಬೇಕಾಗುತ್ತದೆ. ಒಂದು ಪ್ಲೇಟಿಗೆ ಗಂಟೆಗಟ್ಟಲೆ ಹಿಡಿಯುತ್ತದೆ.

ಪ್ರಿಂಟರ್ ಬಾಗಿಲು ತೆಗೆದಾಗ ಕೈಗೆ ಸಿಗುವುದು ಒರಟು ತುಂಡು. ಅದನ್ನು ಬಿಸಿ ಮಾಡಿ ಒಳಗಿನ ಒತ್ತಡ ಇಳಿಸಬೇಕು. ಇಲ್ಲದಿದ್ದರೆ ತಳದಿಂದ ಬಿಡಿಸಿದ ಕೂಡಲೇ ಹಪ್ಪಳದ ಹಾಗೆ ಸುರುಟುತ್ತದೆ. ಆಸರೆ ಕಡ್ಡಿಗಳನ್ನು ಕೀಳಬೇಕು. ಸಂದಿಯಲ್ಲಿ ಉಳಿದ ಪುಡಿ ಕೊಡವಬೇಕು. ಉಜ್ಜಿ ನಯ ಮಾಡಬೇಕು. ಸ್ಕ್ರೂ ತೂತಿನ ಒಳಗಿನ ಮರೆ (ಥ್ರೆಡ್) ಸರಿಮಾಡಬೇಕು. ತೊಳೆದು, ಅಳತೆ ನೋಡಿ, ಆಸ್ಪತ್ರೆಗೆ ಕಳಿಸಿದ ಮೇಲೆ ಅವರು ಆಟೋಕ್ಲೇವ್‌ನಲ್ಲಿ, ಅಂದರೆ ಬಿಸಿ ಹಬೆಯಿಂದ ಕೀಟಾಣು ಕೊಲ್ಲುವ ಯಂತ್ರದಲ್ಲಿ, ಇಡುತ್ತಾರೆ. ‘ಬಟನ್ ಒತ್ತಿದರೆ ಬರುತ್ತಲ್ಲ’ ಅನ್ನುವವರಿಗೆ ನಾನು ಈ ಪಟ್ಟಿ ಓದುತ್ತೇನೆ.

ಎಷ್ಟು ದಿನ ಕಾಯಬೇಕು?

ಎಲ್ಲ ಸರಾಗವಾಗಿ ಹೋದರೆ ಒಂದೆರಡು ವಾರ. ಹೊರದೇಶದಿಂದ ತರಿಸಿದರೆ ಇನ್ನೂ ಜಾಸ್ತಿ. ಕ್ಯಾನ್ಸರ್‌ನಲ್ಲಿ ಇದೇ ದೊಡ್ಡ ತಲೆನೋವು. ರೋಗ ಪ್ರಿಂಟರ್‌ಗೆ ಕಾಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೇಸು ಹೀಗೇ ಆಯಿತು. ಸ್ಕ್ಯಾನ್ ಆದ ಮೇಲೆ ರೋಗಿಯ ಮನೆಯವರು ದುಡ್ಡು ಹೊಂದಿಸಲು ಊರಿಗೆ ಹೋದರು. ನಮ್ಮ ಕಡೆಯಿಂದಲೂ ಒಂದಿಷ್ಟು ದಿನ ತಡವಾಯಿತು. ಪ್ಲೇಟ್ ಕೈಗೆ ಬಂದು ಆಪರೇಷನ್ ಶುರು ಮಾಡಿದಾಗ ಗಡ್ಡೆ ನಾವು ಗೆರೆ ಎಳೆದ ಜಾಗ ದಾಟಿತ್ತು. ಸರ್ಜನ್ ಗೈಡನ್ನು ಪಕ್ಕಕ್ಕಿಟ್ಟರು, ಜಾಸ್ತಿ ಮೂಳೆ ತೆಗೆದರು, ರೆಡಿಮೇಡ್ ಪ್ಲೇಟ್ ಬಗ್ಗಿಸಿ ಹಾಕಿದರು. ಅವರು ಮಾಡಿದ್ದು ಸರಿ. ಕ್ಯಾನ್ಸರ್ ಪೂರ್ತಿ ತೆಗೆಯುವುದು ಮೊದಲು, ನಮ್ಮ ಪ್ಲೇಟ್ ಆಮೇಲೆ. ಅವತ್ತಿಂದ ನಾನು ಪ್ಲಾನ್‌ನಲ್ಲಿ ಎರಡನೇ ಗೆರೆ ಒಂದನ್ನು ಇಟ್ಟೇ ಇಡುತ್ತೇನೆ. ಗಡ್ಡೆ ಬೆಳೆದಿದ್ದರೆ ಅಲ್ಲಿ ಕೊಯ್ಯಬಹುದು. ಆ ಪ್ಲೇಟ್ ಮಾತ್ರ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ಆಪರೇಷನ್ ಬೇಗ ಮುಗಿಯುತ್ತದಾ?

ಸಾಮಾನ್ಯವಾಗಿ ಸ್ವಲ್ಪ ಬೇಗ. ಬಗ್ಗಿಸುವ, ಅಳೆಯುವ ಸಮಯ ಉಳಿಯುತ್ತದೆ. ಕಾಲಿನ ಮೂಳೆಯನ್ನು ಕಾಲಲ್ಲೇ, ರಕ್ತ ಹರಿಯುತ್ತಿರುವಾಗಲೇ ತುಂಡು ಮಾಡಿ ಸಿದ್ಧ ಮಾಡಿಕೊಳ್ಳಬಹುದು. ಆದರೆ ರಕ್ತನಾಳ ಹೊಲಿಯುವ ಕೆಲಸ ಇದ್ದೇ ಇರುತ್ತದೆ. ಬೆಳಿಗ್ಗೆ ಒಳಗೆ ಹೋದವರು ಸಂಜೆಯಾದರೂ ಹೊರಗೆ ಬರಲಿಲ್ಲ ಅಂತ ಕಂಗಾಲಾಗಬೇಡಿ.

ಬಾಯಿ ತೆರೆಯಲು ಆಗದವರಿಗೆ ಕೀಲು ಹಾಕುತ್ತಾರಂತೆ?

ಹೌದು. ಚಿಕ್ಕವರಿದ್ದಾಗ ಗಲ್ಲ ನೆಲಕ್ಕೆ ಬಡಿದು ಬಿದ್ದಿರುತ್ತಾರೆ. ಗಲ್ಲಕ್ಕೆ ಹೊಲಿಗೆ ಹಾಕಿಸಿ ಮರೆತಿರುತ್ತಾರೆ. ಏಟು ಕಿವಿಯ ಮುಂದಿನ ಕೀಲಿಗೆ ಬಿದ್ದದ್ದು ಗೊತ್ತೇ ಆಗಿರುವುದಿಲ್ಲ. ವರ್ಷಗಳಲ್ಲಿ ಕೀಲು ಮೂಳೆಯಾಗಿ ಕೂಡಿಕೊಂಡು ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯುವುದಿಲ್ಲ. ಮಗು ಗಲ್ಲಕ್ಕೆ ಪೆಟ್ಟು ಮಾಡಿಕೊಂಡರೆ ಕೀಲಿನ ಎಕ್ಸ್-ರೇಯನ್ನೂ ಒಮ್ಮೆ ಕೇಳಿ.

ಇಂಥವರಿಗೆ ದೊಡ್ಡವರಾದ ಮೇಲೆ ಕೃತಕ ಕೀಲು ಹಾಕಬಹುದು. ಅದು ಎರಡು ಭಾಗ. ಮೇಲಿನ ಬಟ್ಟಲು ಗಟ್ಟಿ ಪಾಲಿಥೀನ್, ಕೆಳಗಿನ ತಲೆ ಲೋಹ. ಲೋಹಕ್ಕೆ ಲೋಹ ಉಜ್ಜದಂತೆ ಹೀಗೆ. ಕೀಲಿನ ಸವೆಯುವ ತಲೆಗೆ ಬರೀ ಟೈಟಾನಿಯಂ ಅಷ್ಟು ಒಳ್ಳೆಯದಲ್ಲ, ಕೋಬಾಲ್ಟ್-ಕ್ರೋಮಿಯಂ ಬಳಸುವುದು ಹಳೆಯ ರೂಢಿ. ಅಮೆರಿಕದ ಟಿಎಂಜೆ ಕಾನ್ಸೆಪ್ಟ್ಸ್ ಕಂಪನಿಯ ಅಳತೆ ಕೀಲಿಗೆ ಅಲ್ಲಿನ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) 1999ರಲ್ಲಿ ಒಪ್ಪಿಗೆ ಕೊಟ್ಟಿತು.

ಈ ಕೀಲಿನ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವೂ ಇದೆ. 1980ರ ದಶಕದಲ್ಲಿ ಅಮೆರಿಕದ ವೈಟೆಕ್ ಕಂಪನಿ ಟೆಫ್ಲಾನ್ ಸೇರಿಸಿದ ಕೀಲಿನ ಪದರಗಳನ್ನು ಮಾರಿತು. ಸಾವಿರಾರು ಜನರ ದವಡೆಗೆ ಹಾಕಿದರು. ಅಗಿಯುತ್ತಾ ಅಗಿಯುತ್ತಾ ಅದು ಸವೆದು ಚೂರಾಯಿತು. ಆ ಚೂರುಗಳ ಮೇಲೆ ಮೈ ಸಿಡಿದೆದ್ದು ಪಕ್ಕದ ಮೂಳೆಯನ್ನೇ ತಿಂದುಹಾಕಿತು. 1990ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಎಷ್ಟೋ ಮಂದಿ ಹಲವು ಬಾರಿ ಆಪರೇಷನ್ ಮಾಡಿಸಿಕೊಂಡು ನರಳಿದರು. ‘ಹೊಸದು, ಲೇಟೆಸ್ಟ್’ ಅಂತ ಯಾರಾದರೂ ಹೇಳಿದಾಗ ನನಗೆ ಈ ಕಥೆ ನೆನಪಾಗುತ್ತದೆ.

ಬ್ಲ್ಯಾಕ್ ಫಂಗಸ್‌ನಲ್ಲಿ ಮೇಲ್ದವಡೆ ಹೋಗಿದೆ. ಏನಾದರೂ ಮಾಡಬಹುದಾ?

2021ರ ಎರಡನೇ ಅಲೆಯ ಮೇಲೆ ಇಂಥವರ ಸಂಖ್ಯೆ ಒಮ್ಮೆಲೇ ಏರಿತು. ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ ಇತ್ತು, ಜೊತೆಗೆ ಕೋವಿಡ್‌ಗೆ ಸ್ಟೀರಾಯ್ಡ್ ತೆಗೆದುಕೊಂಡಿದ್ದರು. ಮೇಲ್ದವಡೆ ತೆಗೆದ ಮೇಲೆ ಬಾಯಿ ಮತ್ತು ಮೂಗಿನ ನಡುವೆ ಗೋಡೆಯೇ ಇಲ್ಲ. ಕುಡಿದ ನೀರು ಮೂಗಲ್ಲಿ ಬರುತ್ತದೆ, ಮಾತು ಗೊಣಗೊಣ ಆಗುತ್ತದೆ.

ಎಲ್ಲಕ್ಕಿಂತ ಸುಲಭ ದಾರಿ ಆಬ್ಚುರೇಟರ್, ಅಂದರೆ ಆ ತೂತು ಮುಚ್ಚುವ ಹಲ್ಲಿನ ಸೆಟ್. ಕೆನ್ನೆ ಮೂಳೆ ಗಟ್ಟಿ ಉಳಿದಿದ್ದರೆ ಅಲ್ಲಿಗೆ ಉದ್ದನೆಯ ಜೈಗೋಮಾ ಇಂಪ್ಲಾಂಟ್ ಹಾಕಿ ಹಲ್ಲು ನಿಲ್ಲಿಸಬಹುದು. ಅದೂ ಆಗದ ಕಡೆ ಪ್ರಿಂಟ್ ಮಾಡಿದ ಟೈಟಾನಿಯಂ ಚೌಕಟ್ಟು. ಅದು ಉಳಿದ ಮೂಳೆಯ ಮೇಲೆ ಬೇತಾಳದ ಹಾಗೆ ಅಂಟಿ ಕೂತು, ಹಲ್ಲಿಗೆ ಕಂಬ ಕೊಡುತ್ತದೆ. ಈ ಕಲ್ಪನೆ ಹೊಸದಲ್ಲ, 1940ರ ದಶಕದಲ್ಲೇ ಸ್ವೀಡನ್‌ನಲ್ಲಿ ಶುರುವಾಗಿತ್ತು. ಆಗ ವಸಡು ಬಿಡಿಸಿ ಮೂಳೆಯ ಅಚ್ಚು ತೆಗೆದು ಎರಕ ಹೊಯ್ಯುತ್ತಿದ್ದರು. ಸರಿಯಾಗಿ ಕೂರದೆ ಕೀವಾಗಿ ಕೆಟ್ಟ ಹೆಸರು ಪಡೆಯಿತು. ಸ್ಕ್ಯಾನ್ ಮತ್ತು ಪ್ರಿಂಟರ್ ಬಂದ ಮೇಲೆ ಬೆಲ್ಜಿಯಂನವರು ಅದಕ್ಕೆ ಮರುಜೀವ ಕೊಟ್ಟರು. ನಮ್ಮಲ್ಲಿ ಐಐಟಿ ಮದ್ರಾಸ್ ಕೂಡ ಬ್ಲ್ಯಾಕ್ ಫಂಗಸ್ ರೋಗಿಗಳಿಗಾಗಿಯೇ ಪ್ರಿಂಟ್ ಮಾಡಿದ ಮುಖದ ಇಂಪ್ಲಾಂಟ್ ಕೆಲಸ ಕೈಗೆತ್ತಿಕೊಂಡಿತು. ಸಕ್ಕರೆ ಹತೋಟಿಗೆ ಬಂದಿರಬೇಕು, ಫಂಗಸ್ ಪೂರ್ತಿ ಹೋಗಿರಬೇಕು. ಅದಕ್ಕೆ ಮುಂಚೆ ಅವಸರ ಬೇಡ.

ಮಕ್ಕಳಿಗೆ ಹಾಕಬಹುದಾ?

ಯೋಚನೆ ಮಾಡಿ ಹಾಕಬೇಕು. ಮಗು ಬೆಳೆಯುತ್ತದೆ, ಲೋಹ ಬೆಳೆಯುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಪಕ್ಕೆಲುಬಿನಂಥ ಸ್ವಂತ ಮೂಳೆಯನ್ನೇ ಮೊದಲು ನೋಡುತ್ತಾರೆ.

ರೇಡಿಯೇಷನ್ ಕೊಡಬೇಕಂತೆ. ಒಳಗೆ ಲೋಹ ಇದ್ದರೆ ತೊಂದರೆ ಇಲ್ವಾ?

ಕೊಡಬಹುದು. ಲೋಹದ ಅಂಚಿನಲ್ಲಿ ಕಿರಣ ಸ್ವಲ್ಪ ಚೆದುರುತ್ತದೆ, ಸ್ಕ್ಯಾನ್ ಚಿತ್ರದಲ್ಲೂ ಗೆರೆ ಬರುತ್ತದೆ. ರೇಡಿಯೇಷನ್ ಡಾಕ್ಟರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಪ್ಲಾನ್ ಮಾಡುತ್ತಾರೆ. ನೀವು ಮಾಡಬೇಕಾದ್ದು ಎರಡೇ. ಒಳಗೆ ಏನು ಲೋಹ ಇದೆ ಅಂತ ಮೊದಲೇ ಹೇಳುವುದು, ತಡ ಮಾಡದೆ ಹೋಗುವುದು. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು ಅಂತ ಡಾಕ್ಟರುಗಳ ಲೆಕ್ಕ. ‘ಹಬ್ಬ ಮುಗಿಸಿಕೊಂಡು ಬರ್ತೀವಿ’ ಅನ್ನುವುದು ಇಲ್ಲಿ ಬೇಡ.

ಏನೇನು ಕೆಡಬಹುದು? ಮುಚ್ಚಿಡದೆ ಹೇಳಿ.

ಮೊದಲನೆಯದು ಸೋಂಕು. ಬಾಯಿಯೊಳಗೆ ಕೀಟಾಣುಗಳಿಗೆ ಬರವಿಲ್ಲ. ಲೋಹದ ಮೇಲೆ ಅವು ಪಾಚಿಯಂತೆ ಪದರ ಕಟ್ಟಿಕೊಂಡರೆ ಮಾತ್ರೆ, ಇಂಜೆಕ್ಷನ್ ಒಳಗೆ ತಲುಪುವುದಿಲ್ಲ. ಕೊನೆಗೆ ಪ್ಲೇಟ್ ತೆಗೆಯಬೇಕಾಗಬಹುದು. ಎರಡನೆಯದು ಮೇಲೆ ಹೇಳಿದ ಹಾಗೆ ಪ್ಲೇಟ್ ಹೊರಗೆ ಕಾಣಿಸಿಕೊಳ್ಳುವುದು. ಸ್ಕ್ರೂ ಸಡಿಲವಾಗಬಹುದು. ಮೂಳೆ ಕೂಡಿಕೊಳ್ಳದೇ ಹೋದರೆ ಪ್ಲೇಟ್ ದಿನಾ ಸಾವಿರಾರು ಸಲ ಬಾಗಿ ಬಾಗಿ ಒಂದು ದಿನ ಮುರಿಯಬಹುದು. ಕಾಲಿಂದ ತಂದ ಮೂಳೆಯ ರಕ್ತನಾಳ ಮೊದಲ ಕೆಲವು ದಿನಗಳಲ್ಲಿ ಕಟ್ಟಿಕೊಂಡರೆ ಮತ್ತೆ ಆಪರೇಷನ್ ಥಿಯೇಟರ್‌ಗೆ ಓಡಬೇಕು. ನರ್ಸ್ ಗಂಟೆಗೊಮ್ಮೆ ಬಂದು ಬಾಯಿಯೊಳಗಿನ ಚರ್ಮದ ಬಣ್ಣ ನೋಡುವುದು ಇದಕ್ಕೇ. ಕೆಳತುಟಿ ಜೋಮು ಹಿಡಿದ ಹಾಗೆ ಉಳಿಯುವುದು ಸಾಮಾನ್ಯ, ಏಕೆಂದರೆ ಅದರ ನರ ದವಡೆ ಮೂಳೆಯ ಒಳಗೇ ಹೋಗುತ್ತದೆ.

ಬೀಡಿ, ಸಿಗರೇಟು, ಹತೋಟಿ ಇಲ್ಲದ ಸಕ್ಕರೆ ಕಾಯಿಲೆ ಇವೆಲ್ಲ ಈ ತೊಂದರೆಗಳನ್ನು ಹೆಚ್ಚಿಸುತ್ತವೆ. ಮನೆಗೆ ಹೋದ ಮೇಲೆ ಕೆನ್ನೆ ಕೆಂಪಾದರೆ, ಕೀವು ಬಂದರೆ, ‘ಟಕ್’ ಅಂತ ಸದ್ದಾಗಿ ಹಲ್ಲು ಕೂಡುವ ರೀತಿ ಬದಲಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಎಂಆರ್‌ಐ ಮಾಡಿಸಬಹುದಾ? ಏರ್‌ಪೋರ್ಟ್‌ನಲ್ಲಿ ಕೂಗುತ್ತದಾ?

ಟೈಟಾನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಎಂಆರ್‌ಐ ಸಾಮಾನ್ಯವಾಗಿ ಮಾಡಿಸಬಹುದು, ಆದರೆ ಸ್ಕ್ಯಾನ್ ಮಾಡುವವರಿಗೆ ತಿಳಿಸಲೇಬೇಕು. ಪ್ಲೇಟ್ ಸುತ್ತ ಚಿತ್ರ ಕಪ್ಪಾಗಿ ಬರುತ್ತದೆ. ಏರ್‌ಪೋರ್ಟ್ ಗೇಟು ಹೆಚ್ಚಿನ ಸಲ ಸುಮ್ಮನಿರುತ್ತದೆ. ಡಿಸ್ಚಾರ್ಜ್ ಪೇಪರಿನ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ಳಿ.

ಊಟ ಹೇಗೆ?

ಮೊದಲು ಮೂಗಿನ ಟ್ಯೂಬಲ್ಲಿ. ಗಾಯ ಒಣಗಿದ ಮೇಲೆ ನೀರು, ಎಳನೀರು, ಗಂಜಿ, ರಾಗಿ ಅಂಬಲಿ, ಆಮೇಲೆ ಕಿವುಚಿದ ಅನ್ನ. ಹಳೆ ಮೈಸೂರು ಕಡೆಯವರಿಗೆ ಒಂದು ಅನುಕೂಲ ಇದೆ: ಮುದ್ದೆ ಅಗಿಯುವ ಊಟವಲ್ಲ, ನುಂಗುವ ಊಟ. ಡಾಕ್ಟರು ಮೆತ್ತಗಿನದು ತಿನ್ನಿ ಅಂದ ದಿನವೇ ಮುದ್ದೆ, ಬಸ್ಸಾರು ಶುರು ಮಾಡಿಕೊಂಡ ಹಿರಿಯರನ್ನು ನೋಡಿದ್ದೇನೆ. ಜೋಳದ ರೊಟ್ಟಿಯ ಸೀಮೆಯವರು ಸ್ವಲ್ಪ ಕಾಯಬೇಕು. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ, ನುಂಗುವುದನ್ನು ಕಲಿಸುವ ಥೆರಪಿಸ್ಟ್ ಇರುತ್ತಾರೆ, ಕೇಳಿ. ಬಾಯಿ ತೆರೆಯುವ ವ್ಯಾಯಾಮ ನೋವು ಕೊಡುತ್ತದೆ, ಆದರೂ ಬಿಡಬೇಡಿ. ರೇಡಿಯೇಷನ್ ಆದ ಮೇಲೆ ಬಿಗಿದುಕೊಂಡ ಬಾಯಿಯನ್ನು ಬಿಡಿಸುವುದು ಬಹಳ ಕಷ್ಟ.

ಹಲ್ಲು ಯಾವಾಗ ಕಟ್ಟಿಸಬಹುದು?

ಕಾಲಿನ ಮೂಳೆಯೊಳಗೆ ಹಲ್ಲಿನ ಇಂಪ್ಲಾಂಟ್ ಕೂರಿಸಬಹುದು. ಮೂಳೆ ಇಂಪ್ಲಾಂಟನ್ನು ಹಿಡಿದುಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ರೇಡಿಯೇಷನ್ ಆಗಿದ್ದರೆ ಡಾಕ್ಟರು ಇನ್ನೂ ಕಾಯಿಸುತ್ತಾರೆ. ಹಲ್ಲು ಬೇಕು ಅಂತಿದ್ದರೆ ಪ್ಲಾನಿಂಗ್ ದಿನವೇ ಹೇಳಿ. ಹಲ್ಲು ಎಲ್ಲಿ ಬರಬೇಕು ಅಂತ ಮೊದಲು ಗುರುತು ಮಾಡಿ, ಅದರ ಕೆಳಗೆ ಮೂಳೆ ಕೂರಿಸಬೇಕು. ಮೊದಲು ಮೂಳೆ ಕೂರಿಸಿ ಆಮೇಲೆ ಹಲ್ಲಿಗೆ ಜಾಗ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ.

ಖರ್ಚು?

ರೆಡಿಮೇಡ್ ಪ್ಲೇಟ್‌ಗಿಂತ ಹಲವು ಪಟ್ಟು ಜಾಸ್ತಿ. ಹೊರದೇಶದ್ದಾದರೆ ಇನ್ನೂ ಮೇಲೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ಆಪರೇಷನ್ ಪ್ಯಾಕೇಜ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಅಳತೆಗೆ ಮಾಡಿದ ಪ್ಲೇಟೂ ಅದರಲ್ಲಿ ಸೇರಿತು ಅಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆಂದೇ ಇರುವ ಆರೋಗ್ಯ ಮಿತ್ರರ ಹತ್ತಿರ ‘ಇಂಪ್ಲಾಂಟ್ ಬೇರೆ ಬಿಲ್ ಆಗುತ್ತಾ’ ಅಂತ ನೇರವಾಗಿ ಕೇಳಿ, ಬರೆಸಿಕೊಳ್ಳಿ. ಪ್ರೈವೇಟ್ ಇನ್ಶೂರೆನ್ಸ್ ಇದ್ದರೂ ಇದೇ ಪ್ರಶ್ನೆ.

ಪ್ಲೇಟ್ ಒಳ್ಳೆಯದೋ ಅಲ್ಲವೋ ಅಂತ ಹೇಗೆ ತಿಳಿಯುವುದು?

ನೋಡಿ ತಿಳಿಯಲು ಆಗುವುದಿಲ್ಲ. ಕಾಗದ ಕೇಳಬೇಕು. ಮೆಡಿಕಲ್ ಡಿವೈಸಸ್ ರೂಲ್ಸ್ 2017 ಅಂತ ನಮ್ಮ ದೇಶದಲ್ಲಿ ನಿಯಮ ಇದೆ, 2018ರ ಜನವರಿಯಿಂದ ಜಾರಿಯಲ್ಲಿದೆ. ಯಾರು ಮಾಡಿದ್ದು, ಲೈಸೆನ್ಸ್ ಇದೆಯಾ, ಯಾವ ಲೋಹ, ಬ್ಯಾಚ್ ನಂಬರ್ ಏನು ಇಷ್ಟನ್ನು ಕೇಳಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೇರಿಸಲು ಹೇಳಿ. ಹತ್ತು ವರ್ಷದ ಮೇಲೆ ಒಂದು ಸ್ಕ್ರೂ ತೆಗೆಯಬೇಕಾದರೂ ಅದರ ತಲೆಗೆ ಯಾವ ಡ್ರೈವರ್ ಕೂರುತ್ತದೆ ಅಂತ ಈ ಕಾಗದವೇ ಹೇಳಬೇಕು. ಸರ್ಜನ್‌ಗೆ ಕೇಳಬೇಕಾದ್ದು ಒಂದೇ ಪ್ರಶ್ನೆ: ‘ಅವತ್ತು ಇದು ಕೂರದೇ ಹೋದರೆ ಏನು ಮಾಡ್ತೀರಿ ಸಾರ್?’ ಒಳ್ಳೆಯ ಸರ್ಜನ್ ಹತ್ತಿರ ಉತ್ತರ ರೆಡಿ ಇರುತ್ತದೆ.

ಮುಂದೆ ಪ್ಲೇಟ್ ತೆಗೆಸಬೇಕಾ?

ತೊಂದರೆ ಇಲ್ಲದಿದ್ದರೆ ಬೇಡ. ಹಲ್ಲಿನ ಇಂಪ್ಲಾಂಟ್‌ಗೆ ಅಡ್ಡ ಬಂದರೆ ಆಗ ನೋಡಿಕೊಳ್ಳುತ್ತಾರೆ.

ಇನ್ನೊಂದು ವಿಷಯ, ತಪ್ಪು ತಿಳಿಯಬೇಡಿ. ಸತ್ತ ಮೇಲೆ ಇದು ಏನಾಗುತ್ತದೆ?

ಈ ಪ್ರಶ್ನೆಯನ್ನು ಯಾರೂ ಎಲ್ಲರ ಮುಂದೆ ಕೇಳುವುದಿಲ್ಲ. ರೋಗಿಯ ಅಣ್ಣನೋ ಭಾವನೋ ಕಾರಿಡಾರ್‌ಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳುತ್ತಾರೆ. ಟೈಟಾನಿಯಂ ಕರಗುವುದು 1,668 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಿತೆಯ ಬೆಂಕಿಗೆ ಅಷ್ಟು ಕಾವಿಲ್ಲ. ಪೇಸ್‌ಮೇಕರ್‌ನ ಹಾಗೆ ಸಿಡಿಯುವಂಥದ್ದೂ ಅಲ್ಲ, ಮೊದಲೇ ತೆಗೆಸಬೇಕಾಗಿಲ್ಲ. ಬೂದಿಯಲ್ಲಿ ಮೂಳೆ ಆಯುವಾಗ ಬಣ್ಣ ಕೆಟ್ಟ ಪ್ಲೇಟ್ ಹಾಗೇ ಸಿಗುತ್ತದೆ. ಹೂಳುವವರಲ್ಲಿ ಅದು ಮಣ್ಣಲ್ಲಿ ಉಳಿಯುತ್ತದೆ. ಅದರ ಮೇಲೆ ನಾವು ಕೆತ್ತಿದ ಕೇಸ್ ನಂಬರ್ ಆಗಲೂ ಓದಲು ಬರಬಹುದು.